ನರ್ಸ್ ಕೇಳಿದ ಪ್ರಶ್ನೆ

ಹರೆಯದವರಿಗೆ ಎಚ್‌ಐವಿ ತಗುಲದಂತೆ ತಡೆಯುವ ಐದು ವರ್ಷದ ಕಾರ್ಯಕ್ರಮ ನಿಜಕ್ಕೂ ಫಲ ಕೊಟ್ಟಿದೆಯೇ ಎಂದು ಅಳೆಯುವುದು, ಮಕ್ಕಳೆಲ್ಲ 'ಸರ್ವೆ ಅಕ್ಕ' ಎಂದು ಕರೆಯುವವಳ ಕೆಲಸ. ಸಾವಿರಾರು ಹುಡುಗ ಹುಡುಗಿಯರ ಎದುರು ಕೂತು, ಯಾರಿಗೂ ಹೇಳದ ಗುಟ್ಟು ಕೇಳಿ, ಬೆರಳು ಚುಚ್ಚಿ ರಕ್ತ ತೆಗೆದವಳು. "ನಿಜ ಹೇಳಿ, ನಾನೇನು ಹುಲೀನಾ?" ಎನ್ನುವುದು ಅವಳ ಬಾಯಿಪಾಠ.

ಒಂದು ಮಧ್ಯಾಹ್ನ ಕಾಲೇಜಿನಲ್ಲಿ ಹುಡುಗಿಯೊಬ್ಬಳು ಬೆಚ್ಚಿ ಕೈ ಎಳೆದುಕೊಂಡಳು. ಬಳಸಿದ ಸೂಜಿ ಅಕ್ಕನ ಹೆಬ್ಬೆರಳಿಗೆ ನಾಟಿತು. ಆ ರಕ್ತದಲ್ಲಿ ಸೋಂಕಿದೆಯೆಂದು ಪರೀಕ್ಷೆ ತೋರಿಸಿತು. ಹುಡುಗಿಯನ್ನೂ ಕರೆದುಕೊಂಡು ಆಸ್ಪತ್ರೆಗೆ ಧಾವಿಸಿದಳು.

ನರ್ಸ್ ಅಕ್ಕನಿಗೆ ಸೋಂಕು ತಗುಲದಂತೆ ಇಪ್ಪತ್ತೆಂಟು ದಿನದ ಮಾತ್ರೆ ಕೊಟ್ಟು ಫಾರಂ ತೆರೆದಳು. "ಮನೆಯವರಿಗೆ ಹೇಳಿದ್ರಾ?"

"ಹೂಂ, ಫೋನ್ ಮಾಡಿ ಹೇಳ್ದೆ," ಎಂದುಬಿಟ್ಟಳು ಅಕ್ಕ. ಗಂಡನಿಗೆ ಹೇಳುವ ಧೈರ್ಯ ಬಾರದೆ ಅವಳು ಫೋನ್ ಮಾಡಿಯೇ ಇರಲಿಲ್ಲ.

ಮಾತ್ರೆಗಳನ್ನು ಹೊಲಿಗೆ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗಿದಳು. ಮಗಳು ಅವಳ ಲೋಟ ಮುಟ್ಟಿದರೆ ತಟ್ಟನೆ ಕಸಿದುಕೊಳ್ಳುತ್ತಿದ್ದಳು. ಹಾಗೆಲ್ಲ ಹರಡುವುದಿಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು ಅವಳೇ. ಹತ್ತೊಂಬತ್ತನೆಯ ದಿನ ತಡೆಯಲಾರದೆ ಬಾಯಿಬಿಟ್ಟಳು.

"ಇಷ್ಟು ದಿನ ಒಬ್ಳೇ ಹೊಟ್ಟೇಲಿಟ್ಕೊಂಡಿದ್ಯಲ್ಲೇ," ಎಂದು ಗಂಡ ಕಣ್ಣೀರಿಟ್ಟ.

ಮೂರು ತಿಂಗಳ ಬಳಿಕ ಸೋಂಕಿಲ್ಲವೆಂದು ಖಚಿತವಾಯಿತು. ಅಂದೇ ಮೇಲ್ವಿಚಾರಕರ ಮುಂದೆ ನಿಂತಳು. "ಸಾರ್, ನರ್ಸ್ ಮುಂದೆ ನಾನೇ ಸುಳ್ಳು ಹೇಳ್ದೆ. ಆ ಮಕ್ಕಳು ನನ್ನ ಮುಖ ನೋಡ್ಕೊಂಡು ನಿಜ ಹೇಳಿರ್ತಾರಾ?"

ಮಕ್ಕಳ ಉತ್ತರಗಳನ್ನೇ ನಂಬಿ ಕಾರ್ಯಕ್ರಮ ಗೆದ್ದಿದೆಯೆಂದ ವರದಿಗೆ ಸಹಿ ಹಾಕಲು ಕೂತಿದ್ದ ಅವರು ಪೆನ್ನು ಕೆಳಗಿಟ್ಟರು. ವರದಿ ಅಲ್ಲಿಗೇ ನಿಂತಿತು. ಮುಂದಿನ ಸರ್ವೆಯಲ್ಲಿ ಮಕ್ಕಳು ಒಬ್ಬೊಬ್ಬರೇ, ಬಾಗಿಲು ಹಾಕಿಕೊಂಡು ಉತ್ತರ ಬರೆದರು. ತನ್ನ ಮುಂದೆ ಯಾರೂ ಬಾಯಿಬಿಡದಿದ್ದ ಗುಟ್ಟುಗಳನ್ನು ಅಕ್ಕ ಆ ಕಾಗದಗಳಲ್ಲಿ ಒಂದೊಂದಾಗಿ ಓದಿದಳು.