ಹದ್ದನ್ನು ಹೆದರಿಸಿದ ಭಾನುವಾರ

ನನ್ನ ದೊಡ್ಡಮ್ಮನಿಗೆ ಹಕ್ಕಿಗಳನ್ನು ಕಂಡರೆ ಆಗುವುದಿಲ್ಲ ಎಂದೇ ನಾನು ನಂಬಿದ್ದೆ. ಗಾಯಗೊಂಡ ಕಾಡುಹಕ್ಕಿಗಳ ಆರೈಕೆಯೇ ಅವರ ಕೆಲಸ. ಆದರೆ ಒಮ್ಮೆ ನಾನು ಹಕ್ಕಿಗಳ ಕೋಣೆಗೆ ಇಣುಕಿದಾಗ, ತಲೆಯಿಂದ ಕಾಲಿನವರೆಗೆ ಹಳೇ ಬೆಡ್‌ಶೀಟ್ ಹೊದ್ದು, ಹದ್ದಿನ ಮರಿಯೊಂದರ ಮುಂದೆ ಮಾಂಸದ ತುಂಡು ಎಸೆದು, ಒಂದು ಮಾತೂ ಆಡದೆ, ತಟ್ಟೆಯನ್ನು ಬಾಗಿಲಿಗೆ ದಬದಬ ಬಡಿದು ಹೊರಬಂದರು. ಎಲ್ಲಾದರೂ ದೂರು ಕೊಡಬೇಕು ಅಂದುಕೊಂಡೆ. ಊಟ ಅವರ ಮನೆಯಲ್ಲೇ ಆಗುತ್ತಿದ್ದುದರಿಂದ ಕೊಡಲಿಲ್ಲ.

ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್‌ಗೆ ಟೇಪ್ ಸುತ್ತುವ ನನಗೆ ಒಂದು ಭಾನುವಾರ ಅವರ ಫೋನ್ ಬಂತು.

"ಬಾರೋ, ನಿನ್ನಿಂದ ಒಂದು ಉಪಕಾರ ಆಗ್ಬೇಕು. ಶೇವ್ ಮಾಡ್ಕೋಬೇಡ."

ಹಕ್ಕಿಯನ್ನು ಕೈಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಳ್ಳಬಹುದೆಂದು ಇಸ್ತ್ರಿ ಶರ್ಟ್ ಹಾಕಿಕೊಂಡು ಹೋದೆ.

ಪಶು ಆಸ್ಪತ್ರೆಯ ಹಿಂದಿನ ಉದ್ದನೆಯ ಬಲೆ ಶೆಡ್ಡಿನಲ್ಲಿ ಅದೇ ಹದ್ದು ಬೆಳೆದು ಕೂತಿತ್ತು. ಗೂಡಿನಿಂದ ಬಿದ್ದು ಮುರಿದಿದ್ದ ರೆಕ್ಕೆ ಕೂಡಿತ್ತು. ಆದರೆ ಮನುಷ್ಯರಿಗೆ ಹೆದರದ ಹದ್ದನ್ನು ಬಿಡುವಂತಿಲ್ಲವಂತೆ. ಊಟ ಕೇಳಿಕೊಂಡು ಯಾರದೋ ಅಂಗಳಕ್ಕಿಳಿದು ಕಲ್ಲೇಟು ತಿನ್ನುತ್ತದೆ. ಊಟ ಕೊಡುವ ಮುಖ ಅದಕ್ಕೆ ಗುರುತಾಗಬಾರದು, ಮನುಷ್ಯರ ಭಯ ಉಳಿಯಬೇಕು ಎಂದೇ ಆ ಬೆಡ್‌ಶೀಟು, ಆ ಮೌನ, ಆ ಸದ್ದು ಎಂದು ಆಗ ತಿಳಿಯಿತು.

"ಸುಮ್ನೆ ಅದರ ಹತ್ರ ನಡ್ಕೊಂಡು ಹೋಗು. ಹಾರಿಹೋದ್ರೆ ಇವತ್ತೇ ಬಿಡ್ತೀನಿ. ನಿನ್ನ ಹತ್ರ ಬಂದ್ರೆ ಜನ್ಮಪೂರ್ತಿ ಇಲ್ಲೇ."

"ನಾನೇ ಯಾಕೆ ದೊಡ್ಡಮ್ಮ?"

"ಇಂಥ ಮುಖ ಇನ್ನೆಲ್ಲಿಂದ ತರ್ಲಿ?"

ನಡೆದೆ. ಹದ್ದು ನನ್ನನ್ನು ದಿಟ್ಟಿಸಿತು, ಅಲ್ಲಾಡಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟೆ; ತಲೆ ವಾಲಿಸಿ ನೋಡಿತು. ಹೊರಗೆ ದೊಡ್ಡಮ್ಮ ಬಲೆಯನ್ನು ಬಿಗಿಯಾಗಿ ಹಿಡಿದು ನಿಂತಿದ್ದರು. ನಾನು ಬೆವರು ಒರೆಸಿಕೊಳ್ಳಲು ಕೈ ಎತ್ತಿದ್ದೇ ತಡ, ಅದು ಕಿರುಚಿ, ಇಸ್ತ್ರಿ ಶರ್ಟಿನ ಮೇಲೆ ಹಿಕ್ಕೆ ಹಾಕಿ, ಶೆಡ್ಡಿನ ಆ ತುದಿಗೆ ಹಾರಿತು.

"ಪಾಸು!" ಎಂದು ದೊಡ್ಡಮ್ಮ ಕೂಗಿದರು. ನನ್ನನ್ನು ಕಂಡು ದೂರ ಹೋದವರ ಬಗ್ಗೆ ನಮ್ಮ ಮನೆಯವರು ಖುಷಿಪಟ್ಟದ್ದು ಅದೇ ಮೊದಲು.

ಮೇಲಿನ ಬಲೆ ಸರಿಸಿದರು. ಹದ್ದು ಎರಡು ಸುತ್ತು ಏರಿ, ಆಸ್ಪತ್ರೆಯ ನೀರಿನ ಟ್ಯಾಂಕು ದಾಟಿ, ತಿರುಗಿಯೂ ನೋಡದೆ ಹೋಯಿತು.

ವಾಪಸ್ ಬರುವಾಗ ಮೂಲೆಯ ಪಂಜರದಲ್ಲಿ ಇನ್ನೊಂದು, ವಯಸ್ಸಾದ ಹದ್ದು ಕಂಡಿತು. ದೊಡ್ಡಮ್ಮನ ಹೆಜ್ಜೆ ಸದ್ದಿಗೇ ಕಂಬಿಯ ಹತ್ತಿರ ಕುಪ್ಪಳಿಸಿ ಬಂದು ತಲೆ ಒಡ್ಡಿತು. ಬಾಯಿ ಮುಚ್ಚಿಕೊಂಡಿರುವುದು ನನಗೆಲ್ಲಿ ಬರುತ್ತದೆ?

"ಇದನ್ನ ಮಾತ್ರ ನಿಮಗೋಸ್ಕರ ಇಟ್ಕೊಂಡ್ರಾ ದೊಡ್ಡಮ್ಮ?"

ಅವರು ಬೆಡ್‌ಶೀಟ್ ಮಡಚುತ್ತಾ ಹೇಳಿದರು: "ನನ್ನ ಮೊದಲನೇ ಹಕ್ಕಿ ಅದು. ಮುದ್ದು ಮಾಡಿ ಹಾಳು ಮಾಡ್ದೆ."