ಲಿಫ್ಟಣ್ಣನ ಚೀಲಕ್ಕೆ ಅಸ್ತರು

ಮೂವತ್ತನಾಲ್ಕು ವರ್ಷ ಒಂದು ದೊಡ್ಡ ಕಚೇರಿಯ ಲಿಫ್ಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತು, ದಿನಕ್ಕೆ ನೂರು ಸಲ ಏಳನೇ ಮಹಡಿ ಮುಟ್ಟಿಯೂ ಜೀವನದಲ್ಲಿ ಒಂದು ಮೆಟ್ಟಿಲೂ ಮೇಲೇರದೆ ನಿವೃತ್ತನಾದ ಮಹಾನುಭಾವನನ್ನು ಬೀದಿಯವರೆಲ್ಲ ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಬೀಳ್ಕೊಡುಗೆಯ ದಿನ ಅಧಿಕಾರಿಗಳು ಅವನನ್ನು 'ಈ ಕಟ್ಟಡದ ಬೆನ್ನೆಲುಬು' ಎಂದು ಹೊಗಳಿದರು. ಮರುದಿನ ಸ್ಟೂಲು ತೆಗೆಸಿ, 'ಗುಂಡಿ ನೀವೇ ಒತ್ತಿ' ಎಂಬ ಚೀಟಿ ಅಂಟಿಸಿದರು. ಬೆನ್ನೆಲುಬು ಹೋದ ಮೇಲೂ ಕಟ್ಟಡ ನೆಟ್ಟಗೇ ನಿಂತಿತ್ತು.

ಮನೆಗೆ ಬಂದ ಲಿಫ್ಟಣ್ಣ ಅಡುಗೆಮನೆಯನ್ನು ಉದ್ಧಾರ ಮಾಡಲು ಹೊರಟ. ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದ. ಸಕ್ಕರೆಯ ಡಬ್ಬಿ, ಉಪ್ಪಿನ ಡಬ್ಬಿ ಒಂದೇ ಎತ್ತರವಿದ್ದುದರಿಂದ ಗಂಡ ಹೆಂಡತಿ ಎರಡು ದಿನ ಉಪ್ಪಿನ ಚಹಾ ಕುಡಿದರು. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ. ಇವನಿಗೆ ಇದ್ದವಳು ಒಬ್ಬಳೇ ಮಗಳು, ಅವಳೂ ಮದುವೆಯಾಗಿ ಬೇರೆ ಊರು ಸೇರಿದ್ದಳು. ಹಾಗಾಗಿ ಹೆಂಡತಿಯ ಹೊಲಿಗೆ ಮಿಷನ್ನಿಗೆ ಕೈ ಹಾಕಿದ. ಮುಂದಿನ ಕೋಣೆಯಲ್ಲಿ ಆಕೆ ಇಪ್ಪತ್ತು ವರ್ಷದಿಂದ ಬೀದಿಯವರ ಬಟ್ಟೆ ಹೊಲಿದು, ಸಡಿಲ ಮಾಡಿ, ಬಿಗಿ ಮಾಡಿ ಕೊಡುತ್ತಿದ್ದಳು. ಮಿಷನ್ನಿಗೆ ಎಣ್ಣೆ ಬಿಡುವ ಭರದಲ್ಲಿ ಲಿಫ್ಟಣ್ಣ ಅದರ ಬೆಲ್ಟಿಗೂ ಧಾರಾಳವಾಗಿ ಎಣ್ಣೆ ಸುರಿದ. ಚಕ್ರ ತಿರುಗಿತು, ಬೆಲ್ಟು ಜಾರಿತು, ಸೂಜಿ ಅಲ್ಲಾಡಲಿಲ್ಲ.

ಹೆಂಡತಿ ಕೂಗಾಡಲಿಲ್ಲ. ಪೆಟ್ಟಿಗೆಯ ತಳದಿಂದ ತಾನು ಹುಡುಗಿಯಾಗಿದ್ದಾಗ ನೂಲು ಹೆಣೆಯುತ್ತಿದ್ದ ಕ್ರೋಶಾ ಕಡ್ಡಿ, ಒಂದು ಬಿಳಿ ನೂಲುಂಡೆ ತೆಗೆದು ಅವನ ತೊಡೆಯ ಮೇಲಿಟ್ಟಳು.

"ರೀ, ನಿಮ್ಮ ಕೈ ಸುಮ್ನೆ ಇರಲ್ಲ ಅಂದ್ರೆ ಇದರಲ್ಲಿ ಆಡಿಸಿ. ನನ್ನ ಮಿಷನ್ ಮಾತ್ರ ಮುಟ್ಟಬೇಡಿ."

ಕುಣಿಕೆಯೊಳಗೆ ಕುಣಿಕೆ ಎಳೆಯುವುದನ್ನು ತೋರಿಸಿಕೊಟ್ಟಳು. ಎರಡು ಗಂಟೆಯಾದರೂ ನೆಮ್ಮದಿ ಸಿಗುತ್ತದೆ ಎಂದುಕೊಂಡಿದ್ದಳು, ಪಾಪ. ಲಿಫ್ಟಣ್ಣ ಕಡ್ಡಿಯನ್ನು ಕೆಳಗಿಡಲೇ ಇಲ್ಲ. ಮೂರನೇ ವಾರ ಒಂದು ಚೀಲ ಹುಟ್ಟಿತು: ಮೈತುಂಬ ಹೂವಿನಾಕಾರದ ತೂತುಗಳು, ಎರಡು ಉದ್ದನೆಯ ಹಿಡಿ. ನೋಡಲು ಚಂದವೇ ಇತ್ತು. ಸುಳ್ಳು ಯಾಕೆ ಹೇಳಬೇಕು? ಆದರೆ ಅದನ್ನು ಅವನು ಮಗುವನ್ನು ತೋರಿಸುವಂತೆ ಮನೆಮನೆಗೆ ಹೊತ್ತು ತೋರಿಸಿದ. ಕೋತಿಗೆ ಹೆಂಡ ಕುಡಿಸಿದಂತಾಗಿತ್ತು. ಮಾತೆತ್ತಿದರೆ 'ಕಲೆ' ಎನ್ನತೊಡಗಿದ.

ಲಾರಿ ಓಡಿಸುವ ಭಾವಮೈದುನ ಚೀಲವನ್ನು ಬೆಳಕಿಗೆ ಹಿಡಿದು ನೋಡಿದ. "ಭಾವ, ಇದರಲ್ಲಿ ದೊಡ್ಡ ಮೀನು ಮಾತ್ರ ಸಿಗುತ್ತಾ, ಸಣ್ಣದೂ ಸಿಗುತ್ತಾ?"

"ನಿನ್ನಂಥವರಿಗೆಲ್ಲ ಇದು ಅರ್ಥ ಆಗಲ್ಲ ಬಿಡು."

ಅರ್ಥವಾಗದವರ ಸಾಲಿಗೆ ಈರುಳ್ಳಿಯೂ ಸೇರಿತು. ಅಂಗಡಿಯಲ್ಲಿ ಎರಡು ಕಿಲೋ ತುಂಬಿಸಿ ಹೆಗಲಿಗೆ ಹಾಕಿದ ಚೀಲ ಮನೆ ಮುಟ್ಟುವಷ್ಟರಲ್ಲಿ ಜಗ್ಗಿ ಜಗ್ಗಿ ಮೊಣಕಾಲಿಗೆ ಬಡಿಯುತ್ತಿತ್ತು. ದಾರಿಯುದ್ದಕ್ಕೂ ಸಣ್ಣ ಈರುಳ್ಳಿಗಳು ಉರುಳಿದ್ದವು.

"ಒಳಗೊಂದು ಅಸ್ತರು ಕೊಟ್ರೆ ಸರಿಹೋಗುತ್ತೆ," ಎಂದಳು ಹೆಂಡತಿ. "ಗಟ್ಟಿ ಬಟ್ಟೆ ಹಾಕಿ ಹೊಲಿದುಕೊಡ್ತೀನಿ."

"ಅಸ್ತರು? ನನ್ನ ಕೆಲಸಕ್ಕೆ? ಅಂದ ಕಾಣೋದೇ ಆ ತೂತುಗಳಲ್ಲಿ ಕಣೇ! ಈರುಳ್ಳಿಯದ್ದೇ ತಪ್ಪು, ತೀರಾ ಸಣ್ಣವು."

ಕುಣಿಯಲಾರದವಳಿಗೆ ನೆಲ ಡೊಂಕಂತೆ. ಹೆಂಡತಿ ಬುಟ್ಟಿ ಹಿಡಿದು ದಾರಿಯ ಈರುಳ್ಳಿ ಆರಿಸಲು ಹೊರಟಳು.

ಹೊಸ ಚೀಲವೊಂದನ್ನು ಹಿಡಿದು ಲಿಫ್ಟಣ್ಣ ತನ್ನ ಹಳೇ ಕಚೇರಿಗೆ ಹೋದ. ಏಳನೇ ಮಹಡಿಯ ಮೇಡಂ ಅದನ್ನು ಮೆಚ್ಚಿ ಅಲ್ಲೇ ಕೊಂಡುಕೊಂಡರು. ತಮ್ಮ ಸಾಮಾನನ್ನೆಲ್ಲ ಅದಕ್ಕೆ ಸುರಿದುಕೊಂಡು ಅವನ ಜೊತೆಗೇ ಹೊರಟರು. ಲಿಫ್ಟಿನ ಬಾಗಿಲು ತೆರೆಯಿತು. ಮೇಡಂ ಒಳಗೆ ಕಾಲಿಡುವಾಗ ಚೀಲದ ಒಂದು ಹೂವಿನಿಂದ ಕೀಲಿಗೊಂಚಲು ಮೆಲ್ಲಗೆ ತಲೆ ಹೊರಗೆ ಹಾಕಿ, ನೆಲಕ್ಕೂ ಲಿಫ್ಟಿಗೂ ನಡುವಿನ ಎರಡು ಬೆರಳಿನ ಸಂದಿಯೊಳಗೆ ಸರ್ರನೆ ಇಳಿದುಹೋಯಿತು. ಏಳು ಮಹಡಿಯ ಆಳದಿಂದ ಠಣ್ ಎಂಬ ಸದ್ದು ಬಂತು.

ಮೆಕ್ಯಾನಿಕ್ ಬರುವ ತನಕ ಮೂರು ಗಂಟೆ ಲಿಫ್ಟು ನಿಂತಿತು. ಕಚೇರಿಯವರೆಲ್ಲ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು. "ಯಾರ ಚೀಲವಂತೆ?" ಎಂದು ಕೇಳಿದವರಿಗೆಲ್ಲ ಮೆಟ್ಟಿಲ ಮೂಲೆಯಲ್ಲಿ ನಿಂತಿದ್ದ ಬೆನ್ನೆಲುಬನ್ನು ಯಾರೋ ಬೆರಳು ಮಾಡಿ ತೋರಿಸುತ್ತಿದ್ದರು.

ಲಿಫ್ಟಣ್ಣ ಚೀಲವನ್ನು ಮರಳಿ ಪಡೆದು ಮನೆಗೆ ತಂದ. ಮಿಷನ್ನಿನ ಪಕ್ಕ ಇಟ್ಟು, ಗೋಡೆ ನೋಡುತ್ತ ಹೇಳಿದ: "ಬೇಕಾದ್ರೆ ಅಸ್ತರು ಹಾಕು. ನಿನ್ನ ಸಂತೋಷಕ್ಕೆ."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

ಹೆಂಡತಿ ಟೇಪು ತೆಗೆದು ಅವನ ಚೀಲಗಳನ್ನೆಲ್ಲ ಅಳೆದಳು. 'ಎಲ್ಲಾ ಒಂದೇ ಅಳತೆ' ಎಂದು ಅವನು ಎದೆ ತಟ್ಟಿ ಹೇಳಿದ್ದ ಐದು ಚೀಲಗಳಲ್ಲಿ ಯಾವ ಎರಡೂ ಒಂದೇ ಅಳತೆ ಇರಲಿಲ್ಲ. ಒಂದರ ಬಲಬದಿ ಎಡಬದಿಗಿಂತ ನಾಲ್ಕು ಬೆರಳು ಉದ್ದ.

"ಕುಣಿಕೆ ಎಣಿಸ್ತೀರೋ ಇಲ್ವೋ?"

"ಅಂದಾಜಿನಲ್ಲಿ ಹಾಕ್ತೀನಿ. ಕೈಗೆ ಗೊತ್ತಾಗುತ್ತೆ."

"ಕೈಗೆ ಗೊತ್ತಾಗಿದೆ, ಚೀಲಕ್ಕೆ ಗೊತ್ತಾಗಿಲ್ಲ. ನೋಡಿ, ಅಸ್ತರು ಚೀಲಕ್ಕಿಂತ ಒಂದು ಬೆರಳು ಚಿಕ್ಕದಿರಬೇಕು. ಆಗ ಭಾರ ಅದು ಹೊರುತ್ತೆ, ನಿಮ್ಮ ನೂಲು ಜಗ್ಗಲ್ಲ. ಬಾಯಿಯ ಸುತ್ತ ಕೈಹೊಲಿಗೆನೇ ಆಗಬೇಕು, ಮಿಷನ್ ಅಲ್ಲ."

ಅಂದಿನಿಂದ ಲಿಫ್ಟಣ್ಣ ಕುಣಿಕೆ ಎಣಿಸತೊಡಗಿದ. ಬಿಳಿ ನೂಲಿನ ಒಳಗೆ ಕಡುಕೆಂಪು, ನವಿಲುಬಣ್ಣದ ಬಟ್ಟೆ ಸೇರಿ, ತೂತುಗಳೆಲ್ಲ ನಿಜವಾಗಿಯೂ ಹೂವಾಗಿ ಅರಳಿದವು. ಚೀಲಗಳಿಗೆ ಗಿರಾಕಿಗಳು ಬಂದರು. ಆದರೆ ಬಂದವರಿಗೆಲ್ಲ ಒಂದು ಕೆಟ್ಟ ಚಾಳಿ: ಚೀಲವನ್ನು ಒಳಹೊರಗು ಮಾಡಿ, ಒಳಜೇಬು ತಡವಿ, "ಅಬ್ಬಾ, ಹೊಲಿಗೆ ಎಷ್ಟು ನೀಟಾಗಿದೆ!" ಎನ್ನುವರು. ಕಲಾವಿದನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು.

"ಒಳಗಿನದು ಚಿಲ್ಲರೆ ಕೆಲಸ," ಎಂದು ಅವನು ಕೈ ಬೀಸಿಬಿಡುತ್ತಿದ್ದ. ಬಾಗಿಲ ಆಚೆ ಮಿಷನ್ನಿನ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಗುತ್ತಿತ್ತು.

ಅಷ್ಟರಲ್ಲಿ ಮಗಳ ಹೆರಿಗೆಯ ದಿನ ಹತ್ತಿರ ಬಂತು. ಹೆಂಡತಿ ತಿಂಗಳ ಮಟ್ಟಿಗೆ ಹೊರಟಳು. ಅದೇ ಏಳನೇ ಮಹಡಿಯ ಮೇಡಂ, ದೊಡ್ಡ ಮನಸ್ಸು ಮಾಡಿ, ಮತ್ತೊಂದು ಚೀಲಕ್ಕೆ ಹೇಳಿದ್ದರು. ನೂಲಿನ ಕೆಲಸ ಮುಗಿದಿತ್ತು, ಅಸ್ತರು ಬಾಕಿ.

ಚಿಲ್ಲರೆ ಕೆಲಸ ತಾನೇ? ಲಿಫ್ಟಣ್ಣ ತಾನೇ ಮಿಷನ್ನಿನ ಮುಂದೆ ಕೂತ. ಬಟ್ಟೆ ಕತ್ತರಿಸಿದ, ಬದಿಗಳನ್ನು ಹೊಲಿದ. ಅಸ್ತರನ್ನು ಚೀಲದೊಳಗೆ ತೂರಿಸಿ, ಕೈಹೊಲಿಗೆ ಯಾರು ಹಾಕುತ್ತಾರೆ ಎಂದು ಬಾಯಿಯನ್ನು ಮಿಷನ್ನಿಗೇ ಕೊಟ್ಟ. ಕಾಲು ತುಳಿಯಿತು, ಸೂಜಿ ಓಡಿತು. ಎತ್ತಿ ನೋಡಿದರೆ ಮುಂದಿನ ಅಂಚು, ಹಿಂದಿನ ಅಂಚು ಎರಡೂ ಒಂದೇ ಹೊಲಿಗೆಯಲ್ಲಿ ಸೇರಿಕೊಂಡಿದ್ದವು. ಏನೂ ಬೀಳದಂಥ ಚೀಲ ಕೊನೆಗೂ ತಯಾರಾಗಿತ್ತು. ಏನೂ ಹಾಕಲೂ ಆಗುತ್ತಿರಲಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ಮೇಡಂ ಬಂದಿದ್ದರು. ಚೀಲವನ್ನು ತಿರುವಿ ತಿರುವಿ ನೋಡಿ, "ಇದು ತೆರೆಯೋದು ಎಲ್ಲಿ?" ಎಂದರು.

ಲಿಫ್ಟಣ್ಣನ ಬಾಯಲ್ಲಿ ನಾಲ್ಕಾರು ಸುಳ್ಳುಗಳು ಬಂದು ಸಾಲಾಗಿ ನಿಂತವು. ಯಾಕೋ ಒಂದೂ ಹೊರಗೆ ಬರಲಿಲ್ಲ. "ಮೇಡಂ, ಒಳಗಿನ ಹೊಲಿಗೆಯೆಲ್ಲ ನನ್ನ ಹೆಂಡತೀದು. ಅವಳು ಊರಲ್ಲಿಲ್ಲ. ನನಗೆ ಬರಲ್ಲ."

"ಗೊತ್ತು," ಎಂದರು ಮೇಡಂ. "ಕೀಲಿ ಬಿದ್ದ ಚೀಲ ನಿಮ್ಮದು, ಬೀಳದ ಚೀಲ ಅವರದ್ದು. ಕಚೇರಿಯಲ್ಲಿ ಎಲ್ಲರಿಗೂ ಗೊತ್ತು."

ಅವನು ಫೋನು ತೆಗೆದು ಹೆಂಡತಿಗೆ ಮಾಡಿದ.

"ಏನು ಮಾಡಿಟ್ರಿ, ಹೇಳಿ."

"ಏನಿಲ್ಲ... ಬಾಯಿ ಮುಚ್ಚಿಹೋಗಿದೆ."

"ಯಾರದ್ದು?"

"ಚೀಲದ್ದು."

"ಓ. ನಿಮ್ಮದಾಗಿದ್ರೆ ಖುಷಿ ಪಡ್ತಿದ್ದೆ." ಆಮೇಲೆ ದನಿ ತಗ್ಗಿಸಿ ಹೇಳಿದಳು: "ಕತ್ತರಿ ಹಾಕಬೇಡಿ, ಒಂದು ನೂಲು ತುಂಡಾದ್ರೂ ಹೆಣಿಗೆ ಬಿಚ್ಚಿಕೊಳ್ಳುತ್ತೆ. ಸೂಜಿ ಮೊನೆಯಿಂದ ಒಂದೊಂದೇ ಹೊಲಿಗೆ ಎಬ್ಬಿಸಿ. ನಿಧಾನ."

ಮೇಡಂ ಚೀಲದ ಒಂದು ತುದಿ ಹಿಡಿದುಕೊಂಡು ಕೂತರು. ಬಿಚ್ಚುವುದಕ್ಕೆ ಒಂದು ಗಂಟೆ ಹಿಡಿಯಿತು. ಎರಡು ನಿಮಿಷದಲ್ಲಿ ಹೊಲಿದದ್ದು. ಬಿಚ್ಚುವಾಗ ಲಿಫ್ಟಣ್ಣನಿಗೆ ಹೆಂಡತಿ ಇಪ್ಪತ್ತು ವರ್ಷ ಆ ಕುರ್ಚಿಯಲ್ಲಿ ಬಗ್ಗಿ ಕೂತ ಭಂಗಿ ಕಣ್ಣಿಗೆ ಬಂತು. ಕತ್ತು ನೋಯತೊಡಗಿದ್ದೂ ಅದಕ್ಕೆ ಕಾರಣವಿರಬಹುದು. ಆಮೇಲೆ ಕೈಹೊಲಿಗೆ ಹಾಕಿದ. ಮೂರು ಸಲ ಬೆರಳು ಚುಚ್ಚಿಕೊಂಡ. ಮೇಡಂ ಆ ಸೊಟ್ಟ ಹೊಲಿಗೆಯ ಚೀಲವನ್ನೇ ಹಿಡಿದು ಹೋದರು.

ಹೆಂಡತಿ ಅಜ್ಜಿಯಾಗಿ ಮರಳಿದಾಗ ಅವನು ಅಸ್ತರು ಹಾಕಿದ ನಾಲ್ಕು ಚೀಲ ಸಾಲಾಗಿ ಕಾದಿದ್ದವು. ಆಕೆ ಮೊಮ್ಮಗಳ ಮೂಗು ಯಾರ ಹಾಗಿದೆ ಎಂದು ಹೇಳುತ್ತಲೇ ಮೂರು ಚೀಲಗಳ ಹೊಲಿಗೆಯನ್ನು ಪೂರ್ತಿ ಬಿಚ್ಚಿ ಹಾಕಿದಳು. ನಾಲ್ಕನೆಯದನ್ನು ಕಿಟಕಿಯ ಹತ್ತಿರ ಒಯ್ದು ನೋಡಿದಳು.

"ಈ ಒಂದು ಬದಿ ಇರಲಿ," ಎಂದಳು.

ಲಿಫ್ಟಣ್ಣ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋದ. ಈರುಳ್ಳಿ ಅಂಗಡಿಯವನಿಗೆ, ಕ್ಷೌರದವನಿಗೆ, ಕೊನೆಗೆ ಲಾರಿ ತೊಳೆಯುತ್ತಿದ್ದ ಭಾವಮೈದುನನಿಗೂ ಹೇಳಿದ: "ನಿಮ್ಮಕ್ಕ ಒಂದು ಬದಿ ಪಾಸು ಮಾಡಿದ್ದಾಳೆ!"

"ಇನ್ನೊಂದು ಬದಿ, ಭಾವ?"

"ಅದು ಇನ್ನೂ ಕಲೀತಿದೀನಿ ಕಣೋ," ಎಂದ ಲಿಫ್ಟಣ್ಣ.