ನನ್ನ ಅಂಗೈಯೂ ಹುಳುಮನೆಯ ಥರ್ಮಾಮೀಟರೂ

ಸ್ನೇಹಿತರೇ, ಕೋಲಾರದಲ್ಲಿ ಚಳಿ ಬೀಳುವುದೇ ನನ್ನ ಅಂಗೈಯ ಅಪ್ಪಣೆ ಪಡೆದು. ಇವತ್ತು ನಮ್ಮ ರೇಷ್ಮೆ ಹುಳುಮನೆಯಲ್ಲಿ ಹುಳುವಿನ ತಟ್ಟೆ ಇಡುವ ಕಬ್ಬಿಣದ ಸ್ಟ್ಯಾಂಡ್ ಮುಟ್ಟಿದವನೇ, ಹುಳುಗಳಿಗೆ ಚಳಿಯಾಗಿದೆಯೆಂದು ಇದ್ದಿಲ ಒಲೆ ಹಚ್ಚಲು ಹೊರಟೆ.

"ಥರ್ಮಾಮೀಟರ್ ಇಪ್ಪತ್ತೈದು ತೋರಿಸ್ತೈತೆ. ಇನ್ನೂ ಕಾಯಿಸಿದ್ರೆ ಹುಳ ಸಾಯ್ತವೆ ಕಣ್ರೀ," ಎಂದಳು ಹೆಂಡತಿ.

"ಅದು ಗಾಳಿ ಲೆಕ್ಕ ಕಣೇ. ಬಿದಿರು ತಟ್ಟೆ ಬೆಚ್ಚಗೈತೆ, ಸ್ಟ್ಯಾಂಡ್ ಐಸ್ ಆಗೈತೆ. ಕಟ್ಟು ಪಂದ್ಯ."

ಅವಳು ಥರ್ಮಾಮೀಟರನ್ನು ಎರಡಕ್ಕೂ ತಾಗಿಸಿ ತೋರಿಸಿದಳು. ಎರಡೂ ಕಡೆ ಇಪ್ಪತ್ತೈದೇ.

"ಕಬ್ಬಿಣ ನಿಮ್ಮ ಕೈ ಬಿಸೀನ ಬೇಗ ಎಳ್ಕೊಳ್ತೈತೆ, ಬಿದಿರು ಎಳ್ಕೊಳ್ಳಲ್ಲ. ತಣ್ಣಗಾಗಿದ್ದು ನಿಮ್ಮ ಕೈ, ಹುಳ ಅಲ್ಲ. ದುಡ್ಡು ತೆಗೀರಿ."

ಹುಳುಗಳು ಬದುಕಿಕೊಂಡವು. ಸುಗಟೂರಿನ ಟೀ ಅಂಗಡಿಯಲ್ಲಿ ಐವತ್ತು ರೂಪಾಯಿ ಸೋತೆನೆಂದು ಹೇಳಿ ಬಂದಿದ್ದೇನೆ. ಫೇಸ್‌ಬುಕ್ ಅವಳೂ ನೋಡುತ್ತಾಳಾದ್ದರಿಂದ ಇಲ್ಲಿ ನಿಜ ಬರೆಯುತ್ತಿದ್ದೇನೆ: ಎರಡು ಸಾವಿರ.